ಪಿಡಿ-1 ಮತ್ತು ಸಿಟಿಎಲ್‌ಎ-4: ಇಲಿಯ ಗೆಡ್ಡೆಯ ಮೇಲೆ ಜೋಡಿ ಇಮ್ಯುನೊಥೆರಪಿ ಪ್ರಯೋಗ ಮಾಡುವ ಸಮಗ್ರ ಮಾರ್ಗದರ್ಶಿ

ಪಿಡಿ-1 ಮತ್ತು ಸಿಟಿಎಲ್‌ಎ-4 ಎಂದರೆ ಗೆಡ್ಡೆಯ ಮೇಲೆ ದಾಳಿ ಮಾಡುವ ಟಿ ಕೋಶಗಳಿಗೆ (ಒಂದು ಬಗೆಯ ಬಿಳಿ ರಕ್ತಕಣ) ಬ್ರೇಕ್ ಹಾಕುವ ಎರಡು ಪ್ರೋಟೀನ್. ಅವನ್ನು ತಡೆಯುವ ಪ್ರತಿಕಾಯ ಕೊಟ್ಟರೆ ಬ್ರೇಕ್ ಸಡಿಲವಾಗುತ್ತದೆ. ಎರಡೂ ಪ್ರತಿಕಾಯ ಕೊಟ್ಟ ಗುಂಪಿನಲ್ಲಿ ಹತ್ತಕ್ಕೆ ಒಂಬತ್ತು ಇಲಿಗಳ ಗೆಡ್ಡೆ ಕರಗಿತು. ಸಂತೋಷ. ಆದರೆ ಪಿಡಿ-1 ಪ್ರತಿಕಾಯ ಒಂದನ್ನೇ ಕೊಟ್ಟ ಗುಂಪಿನಲ್ಲೂ ಹತ್ತಕ್ಕೆ ಎಂಟು ಕರಗಿವೆ. ಹಾಗಾದರೆ ಜೋಡಿ ಮಾಡಿದ್ದರಿಂದ ಸಿಕ್ಕಿದ್ದೇನು? ಈ ಪ್ರಶ್ನೆಗೆ ಉತ್ತರವಿಲ್ಲದೆ ನಿಂತುಹೋದ ಪ್ರಯೋಗಗಳು ಬಹಳ. ಔಷಧಿ ಸರಿಯಿರುತ್ತದೆ, ಇಲಿ ಸರಿಯಿರುತ್ತದೆ, ಒಂಟಿ ಗುಂಪುಗಳ ಡೋಸು ಮತ್ತು ಕಂಟ್ರೋಲ್‌ಗಳ ಜೋಡಣೆ ತಪ್ಪಿರುತ್ತದೆ. ಹಾಗಾಗಿ ಈ ಬರಹದಲ್ಲಿ 5 ಮತ್ತು 6ನೇ ಹಂತಗಳೇ ಉದ್ದ. ಅವಸರವಿದ್ದವರು ಬೇರೆ ಯಾವುದನ್ನು ಬಿಟ್ಟರೂ ಆ ಎರಡನ್ನು ಬಿಡಬೇಡಿ.

ಉದಾಹರಣೆಗೆ ಇಲ್ಲಿ ತೆಗೆದುಕೊಂಡಿರುವುದು ಚರ್ಮದಡಿ ಬೆಳೆಸಿದ ಎಂಸಿ38 ಕರುಳಿನ ಕ್ಯಾನ್ಸರ್ ಗೆಡ್ಡೆ, ಸಿ57ಬಿಎಲ್/6 ಇಲಿ, ಪಿಡಿ-1 ಮತ್ತು ಸಿಟಿಎಲ್‌ಎ-4 ತಡೆಯುವ ಪ್ರತಿಕಾಯಗಳು. ಇದು ಪ್ರಯೋಗಾಲಯದ ಕೆಲಸಕ್ಕೆ ಮಾತ್ರ. ಇಲ್ಲಿನ ಡೋಸುಗಳಿಗೂ ಆಸ್ಪತ್ರೆಯ ಚಿಕಿತ್ಸೆಗೂ ಸಂಬಂಧವಿಲ್ಲ.

ಕೈಗೆ ಸಿಗುವಂತೆ ಇರಬೇಕಾದವು

ಡಿಜಿಟಲ್ ಕ್ಯಾಲಿಪರ್, 0.1 ಗ್ರಾಂ ತೋರಿಸುವ ತಕ್ಕಡಿ, 1 ಮಿ.ಲೀ. ಸಿರಿಂಜು, 26 ಅಥವಾ 27 ಗೇಜ್ ಸೂಜಿ, ಕೂದಲು ತೆಗೆಯುವ ಟ್ರಿಮ್ಮರ್, ಐಸೊಫ್ಲೂರೇನ್ ಯಂತ್ರ, ಕಿವಿ ಟ್ಯಾಗ್, ಕೋಶ ಎಣಿಸಲು ಟ್ರಿಪಾನ್ ಬ್ಲೂ ಮತ್ತು ಹೀಮೊಸೈಟೋಮೀಟರ್, ಮೈಕೊಪ್ಲಾಸ್ಮಾ ಪಿಸಿಆರ್ ಕಿಟ್, ಕನಿಷ್ಠ 10 ಬಣ್ಣ ಓದುವ ಫ್ಲೋ ಸೈಟೋಮೀಟರ್. ಕ್ಯಾಲಿಪರ್ ಹಿಡಿಯುವವರು ಇಡೀ ಪ್ರಯೋಗಕ್ಕೆ ಒಬ್ಬರೇ ಆಗಿರಲಿ. ಒಬ್ಬರು ಒತ್ತಿ ಹಿಡಿಯುತ್ತಾರೆ, ಇನ್ನೊಬ್ಬರು ಸಡಿಲ ಬಿಡುತ್ತಾರೆ. ಸಣ್ಣ ಗೆಡ್ಡೆಯಲ್ಲಿ ಈ ವ್ಯತ್ಯಾಸವೇ ಔಷಧಿಯ ಪರಿಣಾಮದಂತೆ ಕಾಣುತ್ತದೆ.

ಹಂತ 1: ಮಾದರಿ ಆರಿಸಿ

ಎಂಸಿ38 ಪಿಡಿ-1 ತಡೆಗೆ ಸ್ಪಂದಿಸುತ್ತದೆ. ಬಾಲ್ಬ್/ಸಿ ಇಲಿಯ ಸಿಟಿ26 ಗೆಡ್ಡೆ ಸಿಟಿಎಲ್‌ಎ-4 ತಡೆಗೆ ಚೆನ್ನಾಗಿ ಸ್ಪಂದಿಸುತ್ತದೆ. ಬಿ16-ಎಫ್10 ಮೆಲನೋಮ ಮತ್ತು 4ಟಿ1 ಸ್ತನ ಕ್ಯಾನ್ಸರ್ ಎರಡೂ ಒಂಟಿ ಔಷಧಿಗೆ ಹೆಚ್ಚುಕಡಿಮೆ ಜಗ್ಗುವುದಿಲ್ಲ. ಒಂಟಿಯಾಗಿ ಸ್ವಲ್ಪ ಕೆಲಸ ಮಾಡುವ ಎರಡು ಔಷಧಿ ಸೇರಿದಾಗ ಏನಾಗುತ್ತದೆ ಎಂಬುದು ಪ್ರಶ್ನೆಯಾದರೆ ಎಂಸಿ38 ಅಥವಾ ಸಿಟಿ26. ಜಗ್ಗದ ಗೆಡ್ಡೆಯನ್ನು ಜಗ್ಗಿಸುವುದು ಗುರಿಯಾದರೆ ಬಿ16-ಎಫ್10. ಮೊದಲ ಪ್ರಯೋಗಕ್ಕೇ ಬಿ16-ಎಫ್10 ಹಿಡಿದವರು ನಾಲ್ಕೂ ಗುಂಪಿನ ರೇಖೆಗಳು ಒಂದರ ಮೇಲೊಂದು ಬಿದ್ದ ಗ್ರಾಫ್ ನೋಡಿ ಕೈಚೆಲ್ಲುತ್ತಾರೆ.

ಎಂಸಿ38ರಲ್ಲೂ ಉಪವಂಶಗಳಿವೆ, ಅವು ಒಂದೇ ರೀತಿ ವರ್ತಿಸುವುದಿಲ್ಲ. ಪಕ್ಕದ ಲ್ಯಾಬಿನಿಂದ ಒಂದು ವಯಲ್ ಇಸಿದುಕೊಂಡು ಬಂದು, ಯಾರೋ ಪ್ರಕಟಿಸಿದ ಡೋಸನ್ನು ಹಾಗೇ ಹಾಕಿದರೆ ಅದೇ ಫಲ ಬರುತ್ತದೆ ಎಂಬ ಭರವಸೆ ಬೇಡ.

ಹಂತ 2: ಅನುಮತಿ

ಭಾರತದಲ್ಲಿ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಫಾರ್ಮ್ ಬಿ ಸಲ್ಲಿಸಿ ಒಪ್ಪಿಗೆ ಪಡೆಯದೆ ಇಲಿ ತರಿಸುವಂತಿಲ್ಲ. ತಳಿ ಮಾರ್ಪಡಿಸಿದ ಕೋಶ ಬಳಸುವುದಾದರೆ, ಉದಾಹರಣೆಗೆ ಓವಾಲ್ಬುಮಿನ್ ಅಥವಾ ಲೂಸಿಫರೇಸ್ ಸೇರಿಸಿದ ಎಂಸಿ38, ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯೂ ಬೇಕು. ಅರ್ಜಿಯಲ್ಲಿ ಪೈಲಟ್ ಪ್ರಯೋಗದ ಇಲಿಗಳು, ಸಿಡಿ8 ಕೋಶ (ಗೆಡ್ಡೆ ಕೊಲ್ಲುವ ಟಿ ಕೋಶ) ತೆಗೆಯುವ ಗುಂಪು, ಮರುಸವಾಲಿನ ಗುಂಪು (ಗುಣವಾದ ಇಲಿಗೆ ಮತ್ತೆ ಕ್ಯಾನ್ಸರ್ ಕೋಶ ಹಾಕಿ ನೋಡುವುದು) ಇವೆಲ್ಲವನ್ನೂ ಈಗಲೇ ಸೇರಿಸಿ. ನಡುವೆ ಹೆಚ್ಚಿನ ಇಲಿ ಬೇಕೆಂದು ಮತ್ತೆ ಅರ್ಜಿ ಹಾಕಿದರೆ ಮುಂದಿನ ಸಭೆಯವರೆಗೆ ಕಾಯಬೇಕು. ಅಷ್ಟರಲ್ಲಿ ಗುಣವಾದ ಇಲಿಗಳಿಗೆ ವಯಸ್ಸಾಗಿರುತ್ತದೆ.

ಪ್ರಯೋಗ ನಿಲ್ಲಿಸುವ ಮಿತಿಗಳನ್ನೂ ಬರೆದಿಡಿ: ಗೆಡ್ಡೆ 1,500 ಘನ ಮಿ.ಮೀ. ಅಥವಾ ನಿಮ್ಮ ಸಮಿತಿ ಒಪ್ಪಿದ ಗಾತ್ರ, ತೂಕದಲ್ಲಿ ಶೇ. 20 ಇಳಿಕೆ, ಗೆಡ್ಡೆಯ ಮೇಲೆ ತೆರೆದ ಹುಣ್ಣು, ನಡೆಯಲಾಗದ ಸ್ಥಿತಿ.

ಹಂತ 3: ಕೋಶಗಳನ್ನು ಸಿದ್ಧಪಡಿಸಿ

ವಯಲ್ ಕರಗಿಸಿದ ಮೇಲೆ ಎರಡು ಮೂರು ಪ್ಯಾಸೇಜ್ (ಹೊಸ ಫ್ಲಾಸ್ಕಿಗೆ ವರ್ಗಾವಣೆ) ಒಳಗೇ ಇಲಿಗೆ ಹೋಗಬೇಕು. ಪ್ರತಿ ಪ್ರಯೋಗಕ್ಕೂ ಒಂದೇ ದಿನ ಫ್ರೀಜ್ ಮಾಡಿದ ವಯಲ್‌ಗಳನ್ನೇ ಬಳಸಿ. ಮೈಕೊಪ್ಲಾಸ್ಮಾ (ಕೋಶಗಳಿಗೆ ತಗಲುವ ಸೂಕ್ಷ್ಮ ಬ್ಯಾಕ್ಟೀರಿಯಾ) ಇದ್ದ ಕೋಶ ಇಲಿಯ ರೋಗನಿರೋಧಕ ವ್ಯವಸ್ಥೆಯನ್ನು ತಾನೇ ಕೆರಳಿಸುತ್ತದೆ. ಆಗ ಕಂಟ್ರೋಲ್ ಗುಂಪಿನ ಗೆಡ್ಡೆಗಳೂ ತಾವಾಗಿ ಕರಗತೊಡಗಬಹುದು.

ಇದೇ ವೇಳೆ ಒಂದು ಸಣ್ಣ ಪರೀಕ್ಷೆ ಮುಗಿಸಿಕೊಳ್ಳಿ. ಇಲಿಯ ಇಂಟರ್‌ಫೆರಾನ್ ಗಾಮಾವನ್ನು ಪ್ರತಿ ಮಿ.ಲೀ.ಗೆ 20 ನ್ಯಾನೊಗ್ರಾಂ ಹಾಕಿ 24ರಿಂದ 48 ಗಂಟೆ ಇಡಿ, ಆಮೇಲೆ ಪಿಡಿ-ಎಲ್1 (ಪಿಡಿ-1ಕ್ಕೆ ಅಂಟಿ ಬ್ರೇಕ್ ಒತ್ತುವ ಪ್ರೋಟೀನ್) ಮತ್ತು ಎಂಎಚ್‌ಸಿ-1 (ಕೋಶದೊಳಗಿನ ಪ್ರೋಟೀನ್ ತುಣುಕನ್ನು ಟಿ ಕೋಶಕ್ಕೆ ತೋರಿಸುವ ಅಣು) ಎರಡೂ ಏರಿವೆಯೇ ಎಂದು ಫ್ಲೋ ಸೈಟೋಮೀಟರಿನಲ್ಲಿ ನೋಡಿ. ಎಂಎಚ್‌ಸಿ-1 ಏರದಿದ್ದರೆ ಟಿ ಕೋಶಕ್ಕೆ ಗೆಡ್ಡೆ ಕಾಣುವುದೇ ಇಲ್ಲ. ಅಂಥ ವಯಲ್ ಬಿಸಾಡಿ.

ತಟ್ಟೆಯಲ್ಲಿ ಕೋಶಗಳನ್ನು ಒಟ್ಟಿಗೆ ಬೆಳೆಸಿ ಸಿಟಿಎಲ್‌ಎ-4 ತಡೆಯ ಪರಿಣಾಮ ಅಳೆಯಲು ಹೋಗಬೇಡಿ. ಆ ಪ್ರತಿಕಾಯದ ಕೆಲಸದ ದೊಡ್ಡ ಪಾಲು ದುಗ್ಧಗ್ರಂಥಿಯಲ್ಲಿ ಮತ್ತು ಗೆಡ್ಡೆಯೊಳಗಿನ ನಿಯಂತ್ರಕ ಟಿ ಕೋಶಗಳ (ರೋಗನಿರೋಧಕ ದಾಳಿಯನ್ನು ತಣ್ಣಗಿಡುವವು) ಮೇಲೆ ನಡೆಯುತ್ತದೆ. ತಟ್ಟೆಯಲ್ಲಿ ಅವೆರಡೂ ಇರುವುದಿಲ್ಲ.

ಹಂತ 4: ಪ್ರತಿಕಾಯ ಕೊಳ್ಳುವಾಗ

ಪಿಡಿ-1ಕ್ಕೆ ಆರ್‌ಎಂಪಿ1-14 ಕ್ಲೋನ್ (ಒಂದೇ ಕೋಶದ ಸಂತತಿಯಿಂದ ಬಂದ ಪ್ರತಿಕಾಯ), ಅದು ಹೆಗ್ಗಣದ ಐಜಿಜಿ2ಎ, ಅಂದರೆ ಐಜಿಜಿ ಎಂಬ ಪ್ರತಿಕಾಯಗಳ ಒಂದು ಉಪವರ್ಗ. ಅದರ ಐಸೊಟೈಪ್ ಕಂಟ್ರೋಲ್, ಅಂದರೆ ಅದೇ ವರ್ಗದ, ಆದರೆ ಇಲಿಯಲ್ಲಿ ಯಾವ ಗುರಿಗೂ ಅಂಟದ ಪ್ರತಿಕಾಯ, 2ಎ3. ಸಿಟಿಎಲ್‌ಎ-4ಕ್ಕೆ 9ಡಿ9, ಅದು ಇಲಿಯದೇ ಐಜಿಜಿ2ಬಿ. ಅದರ ಕಂಟ್ರೋಲ್ ಎಂಪಿಸಿ-11. ಸಿಟಿಎಲ್‌ಎ-4ಕ್ಕೆ 9ಎಚ್10 ಎಂಬ ಹ್ಯಾಮ್‌ಸ್ಟರ್ ಕ್ಲೋನ್ ಕೂಡ ಇದೆ. ಎರಡನ್ನೂ ಒಂದೇ ಎಂದುಕೊಂಡು ಪ್ರಯೋಗದ ನಡುವೆ ಬದಲಿಸಬೇಡಿ. ಪ್ರತಿಕಾಯದ ಬಾಲದ ಭಾಗ, ಅಂದರೆ ಎಫ್‌ಸಿ, ಗೆಡ್ಡೆಯೊಳಗಿನ ನಿಯಂತ್ರಕ ಟಿ ಕೋಶಗಳನ್ನು ಎಷ್ಟು ಅಳಿಸುತ್ತದೆ ಎಂಬುದರ ಮೇಲೆ ಸಿಟಿಎಲ್‌ಎ-4 ಚಿಕಿತ್ಸೆಯ ಫಲ ನಿಂತಿದೆ. ಕ್ಲೋನ್ ಬದಲಾದರೆ ಔಷಧಿಯೇ ಬದಲಾದಂತೆ.

ಲೇಬಲ್ ಮೇಲೆ ಮೂರು ವಿಷಯ ಹುಡುಕಿ: ಅಜೈಡ್ (ಕೆಡದಂತೆ ಹಾಕುವ ವಿಷಕಾರಿ ಲವಣ) ಇಲ್ಲ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಪ್ರತಿ ಮಿ.ಗ್ರಾಂಗೆ 2 ಯೂನಿಟ್‌ಗಿಂತ ಕಡಿಮೆ, ಜೀವಂತ ಪ್ರಾಣಿಯಲ್ಲಿ ಬಳಸಲು ಯೋಗ್ಯ. ಫ್ಲೋಗೆಂದು ಕೊಂಡ ಪ್ರತಿಕಾಯದಲ್ಲಿ ಅಜೈಡ್ ಇರುತ್ತದೆ, ಅದನ್ನು ಇಲಿಗೆ ಚುಚ್ಚಬಾರದು. ಬಾಟಲಿ 4 ಡಿಗ್ರಿಯಲ್ಲಿರಲಿ. ಫ್ರೀಜ್ ಮಾಡಿ ಕರಗಿಸಿದರೆ ಪ್ರತಿಕಾಯಗಳು ಗಂಟುಕಟ್ಟುತ್ತವೆ, ಗಂಟುಕಟ್ಟಿದ ಪ್ರತಿಕಾಯ ಎಫ್‌ಸಿ ಗ್ರಾಹಿಗಳನ್ನು ಸುಮ್ಮನೆ ಕೆರಳಿಸುತ್ತದೆ.

ಹಂತ 5: ಒಂಟಿ ಡೋಸಿನ ಪೈಲಟ್

ಪ್ರಕಟಿತ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕಾಣುವ ಡೋಸು ಇಲಿಯೊಂದಕ್ಕೆ 200 ಮೈಕ್ರೋಗ್ರಾಂ, ಹೊಟ್ಟೆಯ ಪೊರೆಯೊಳಗೆ, 3 ದಿನಕ್ಕೊಮ್ಮೆ. 20 ಗ್ರಾಂ ಇಲಿಗೆ ಇದು ಕಿಲೋಗೆ 10 ಮಿ.ಗ್ರಾಂ ಆಯಿತು. ಕೆಲವು ಎಂಸಿ38 ಉಪವಂಶಗಳಲ್ಲಿ ಈ ಡೋಸಿನ ಪಿಡಿ-1 ಒಂದೇ ಬಹುಪಾಲು ಗೆಡ್ಡೆ ಕರಗಿಸಿಬಿಡುತ್ತದೆ. ಮೇಲೇರಲು ಜಾಗವೇ ಉಳಿಯದಿದ್ದರೆ ಜೋಡಿಯ ಲಾಭ ಕಾಣುವುದು ಎಲ್ಲಿಂದ?

ಆದ್ದರಿಂದ ಮೊದಲು ಪೈಲಟ್ ಮಾಡಿ. ಪ್ರತಿ ಔಷಧಿಗೆ 50, 100, 200 ಮೈಕ್ರೋಗ್ರಾಂ, ಡೋಸಿಗೆ 5 ಇಲಿ, ಜೊತೆಗೆ ಐಸೊಟೈಪ್ ಗುಂಪು. ಗೆಡ್ಡೆಯ ಬೆಳವಣಿಗೆ ಎಷ್ಟು ತಡೆಯಿತು ಎಂದು ಲೆಕ್ಕ ಹಾಕುವುದು ಸುಲಭ: ಚಿಕಿತ್ಸೆ ಗುಂಪಿನ ಸರಾಸರಿ ಗಾತ್ರವನ್ನು ಕಂಟ್ರೋಲ್ ಗುಂಪಿನದರಿಂದ ಭಾಗಿಸಿ, 1ರಿಂದ ಕಳೆದು, 100ರಿಂದ ಗುಣಿಸಿ. ಕಂಟ್ರೋಲ್ 1,000 ಘನ ಮಿ.ಮೀ., ಚಿಕಿತ್ಸೆ 650 ಆದರೆ ತಡೆ ಶೇ. 35. ಜೋಡಿ ಪ್ರಯೋಗಕ್ಕೆ ಪ್ರತಿ ಔಷಧಿಯೂ ಒಂಟಿಯಾಗಿ ಶೇ. 30ರಿಂದ 50 ತಡೆಯುವ ಡೋಸು ಬೇಕು. ಶೇ. 80 ದಾಟಿದ ಡೋಸನ್ನು, ಎಷ್ಟೇ ಚೆಂದ ಕಂಡರೂ, ಪಕ್ಕಕ್ಕಿಡಿ.

ಡೋಸು ತಗ್ಗಿಸಿದರೂ ಒಂಟಿ ಔಷಧಿಯೇ ಗುಣಪಡಿಸುತ್ತಿದ್ದರೆ ಚಿಕಿತ್ಸೆ ತಡವಾಗಿ ಆರಂಭಿಸಿ. ಕೋಶ ಹಾಕಿದ 3ನೇ ದಿನ ಆರಂಭಿಸಿದರೆ ಏನು ಕೊಟ್ಟರೂ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಗೆಡ್ಡೆ ಎನ್ನುವಂಥದ್ದು ಇನ್ನೂ ಕಟ್ಟಿಕೊಂಡಿರುವುದಿಲ್ಲ. ತೀರ ದೊಡ್ಡದಾಗಲು ಬಿಟ್ಟರೆ ಯಾವುದೂ ನಾಟುವುದಿಲ್ಲ. ಸರಾಸರಿ 60ರಿಂದ 80 ಘನ ಮಿ.ಮೀ. ಇರುವಾಗ ಆರಂಭಿಸುವುದು ನಮ್ಮ ಸಲಹೆ.

ಹಂತ 6: ನಾಲ್ಕು ಗುಂಪು, ಎಲ್ಲಕ್ಕೂ ಎರಡೆರಡು ಪ್ರತಿಕಾಯ

ಕನಿಷ್ಠ ನಾಲ್ಕು ಗುಂಪು ಬೇಕು. ಪ್ರತಿ ಇಲಿಗೂ ಎರಡು ಪ್ರತಿಕಾಯ ಹೋಗಬೇಕು, ಒಟ್ಟು ಪ್ರೋಟೀನ್ ಪ್ರಮಾಣ ಸಮನಾಗಿರಬೇಕು:

1. 2ಎ3 ಮತ್ತು ಎಂಪಿಸಿ-11
2. ಆರ್‌ಎಂಪಿ1-14 ಮತ್ತು ಎಂಪಿಸಿ-11
3. 2ಎ3 ಮತ್ತು 9ಡಿ9
4. ಆರ್‌ಎಂಪಿ1-14 ಮತ್ತು 9ಡಿ9

ಹೆಚ್ಚಿನವರು ಎಡವುವುದು 2 ಮತ್ತು 3ರಲ್ಲಿ. ಒಂಟಿ ಗುಂಪಿಗೆ ಔಷಧಿ ಮಾತ್ರ ಕೊಟ್ಟು, ಇನ್ನೊಂದರ ಐಸೊಟೈಪ್ ಬಿಟ್ಟುಬಿಡುತ್ತಾರೆ. ಆಗ ಜೋಡಿ ಗುಂಪಿಗೆ ಒಂದೂವರೆಯಿಂದ ಮೂರು ಪಟ್ಟು ಪ್ರತಿಕಾಯ ಹೋಗಿರುತ್ತದೆ. ಕಂಡ ಫಲ ಗುರಿಯದೋ, ಹೆಚ್ಚಿನ ಐಜಿಜಿಯದೋ ಬೇರ್ಪಡಿಸಲಾಗುವುದಿಲ್ಲ. ದುಡ್ಡು ಉಳಿಸಲು ಕಂಟ್ರೋಲ್ ಗುಂಪಿಗೆ ಬರಿ ಪಿಬಿಎಸ್ (ಉಪ್ಪುನೀರಿನ ದ್ರಾವಣ) ಕೊಡುವುದೂ ಇದೇ ಜಾತಿಯ ತಪ್ಪು.

ಗುಂಪಿಗೆ 10 ಇಲಿ, ಪಿಡಿ-1 200 ಮೈಕ್ರೋಗ್ರಾಂ, ಸಿಟಿಎಲ್‌ಎ-4 100 ಮೈಕ್ರೋಗ್ರಾಂ, ಮೂರು ಸಲ ಎಂದಿಟ್ಟುಕೊಳ್ಳಿ. ಆರ್‌ಎಂಪಿ1-14 ಹೋಗುವುದು ಎರಡು ಗುಂಪಿಗೆ, ಅಂದರೆ 20 ಇಲಿಗೆ. 20 × 200 × 3 = 12,000 ಮೈಕ್ರೋಗ್ರಾಂ, ಅಂದರೆ 12 ಮಿ.ಗ್ರಾಂ. ಸಿರಿಂಜಿನಲ್ಲಿ ಉಳಿಯುವುದನ್ನು ಸೇರಿಸಿ 14 ಮಿ.ಗ್ರಾಂ ಕೊಳ್ಳಿ. 2ಎ3 ಕೂಡ ಅಷ್ಟೇ. 9ಡಿ9 ಮತ್ತು ಎಂಪಿಸಿ-11 ತಲಾ 7 ಮಿ.ಗ್ರಾಂ. ಪ್ರತಿ ಪ್ರತಿಕಾಯದ ಎಲ್ಲ ಬಾಟಲಿಗಳೂ ಒಂದೇ ಲಾಟ್ ಸಂಖ್ಯೆಯವಾಗಿರಲಿ.

ಹಂತ 7: ಕೋಶ ಹಾಕುವುದು

6ರಿಂದ 8 ವಾರದ ಹೆಣ್ಣಿಲಿ ತರಿಸಿ ಕನಿಷ್ಠ 7 ದಿನ ಹೊಂದಿಕೊಳ್ಳಲು ಬಿಡಿ. ಗಂಡಿಲಿಗಳು ಕಚ್ಚಾಡುತ್ತವೆ, ಗಾಯ ಮತ್ತು ಗೆಡ್ಡೆಯ ಹುಣ್ಣು ಬೇರ್ಪಡಿಸುವುದು ಕಷ್ಟ. ಒಂದೇ ಕಡೆಯಿಂದ, ಒಂದೇ ಬ್ಯಾಚಿನಲ್ಲಿ ತರಿಸಿ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜಾಕ್ಸನ್ ಮತ್ತು ಟಾಕೊನಿಕ್ ಸಂಸ್ಥೆಗಳ ಒಂದೇ ತಳಿಯ ಇಲಿಗಳಲ್ಲಿ ಮೆಲನೋಮ ಬೇರೆ ಬೇರೆ ವೇಗದಲ್ಲಿ ಬೆಳೆಯಿತು. ಅವನ್ನು ಒಂದೇ ಗೂಡಿನಲ್ಲಿಟ್ಟಾಗ ಆ ವ್ಯತ್ಯಾಸ ಅಳಿಸಿಹೋಯಿತು. ಕಾರಣ ಕರುಳಿನ ಬ್ಯಾಕ್ಟೀರಿಯಾ.

ಶೇ. 70ರಿಂದ 80 ತುಂಬಿದ ಫ್ಲಾಸ್ಕಿನಿಂದ ಕೋಶ ಎತ್ತಿ, ಪಿಬಿಎಸ್‌ನಲ್ಲಿ ಎರಡು ಸಲ ತೊಳೆಯಿರಿ. ತೊಳೆಯದೆ ಉಳಿದ ದನದ ಸೀರಮ್ ಪ್ರೋಟೀನಿಗೂ ಇಲಿ ಪ್ರತಿಕ್ರಿಯೆ ತೋರುತ್ತದೆ. ಜೀವಂತ ಕೋಶ ಶೇ. 90ಕ್ಕಿಂತ ಹೆಚ್ಚಿರಬೇಕು. ಮಿ.ಲೀ.ಗೆ 50 ಲಕ್ಷ ಕೋಶ ಇರುವಂತೆ ಮಾಡಿ, 100 ಮೈಕ್ರೋಲೀಟರ್, ಅಂದರೆ 5 ಲಕ್ಷ ಕೋಶ, ಕೂದಲು ತೆಗೆದ ಬಲ ಪಕ್ಕೆಯ ಚರ್ಮದಡಿ ಹಾಕಿ. ಚಿಕ್ಕ ಗುಳ್ಳೆ ಎದ್ದು ನಿಲ್ಲಬೇಕು. ಗುಳ್ಳೆ ಕಾಣದಿದ್ದರೆ ಸೂಜಿ ಸ್ನಾಯುವಿಗೆ ಇಳಿದಿರಬಹುದು, ಆ ಇಲಿಯನ್ನು ಗುರುತು ಮಾಡಿಡಿ. ಕೋಶಗಳು ಐಸಿನಲ್ಲಿದ್ದರೂ ಒಂದು ಗಂಟೆಯೊಳಗೆ ಕೆಲಸ ಮುಗಿಯಬೇಕು. ಪ್ರತಿ ಸಿರಿಂಜು ತುಂಬುವ ಮುಂಚೆ ಟ್ಯೂಬನ್ನು ಮೆಲ್ಲಗೆ ತಿರುವಿ, ಇಲ್ಲದಿದ್ದರೆ ಕೋಶಗಳು ತಳ ಸೇರಿ ಮೊದಲ ಇಲಿಗೂ ಕೊನೆಯ ಇಲಿಗೂ ಹೋಗುವ ಸಂಖ್ಯೆ ಬೇರೆಯಾಗುತ್ತದೆ. 40 ಬೇಕಾದರೆ 48ಕ್ಕೆ ಹಾಕಿ.

ಹಂತ 8: ಗುಂಪು ಹಂಚುವುದು

7 ಅಥವಾ 8ನೇ ದಿನ ಎಲ್ಲವನ್ನೂ ಅಳೆಯಿರಿ. ಗಾತ್ರ = ಉದ್ದ × ಅಗಲ × ಅಗಲ ÷ 2. 8 ಮಿ.ಮೀ. ಉದ್ದ, 4 ಮಿ.ಮೀ. ಅಗಲವಿದ್ದರೆ 64 ಘನ ಮಿ.ಮೀ. 40ಕ್ಕಿಂತ ಕಡಿಮೆ, 100ಕ್ಕಿಂತ ಹೆಚ್ಚು ಇರುವವನ್ನು ಬಿಡಿ. ಉಳಿದವನ್ನು ಗಾತ್ರದ ಕ್ರಮದಲ್ಲಿ ಸಾಲಾಗಿ ಬರೆದು, ನಾಲ್ಕು ನಾಲ್ಕರ ಕಟ್ಟು ಮಾಡಿ, ಪ್ರತಿ ಕಟ್ಟಿನೊಳಗೆ ಚೀಟಿ ಎತ್ತಿ ಗುಂಪು ಕೊಡಿ. ಒಂದು ಗೂಡು ಒಂದು ಗುಂಪು ಎಂದು ಮಾಡಬೇಡಿ. ಪ್ರತಿ ಗೂಡಿನಲ್ಲೂ ಬೇರೆ ಬೇರೆ ಗುಂಪಿನ ಇಲಿಗಳಿರಲಿ, ಇಲ್ಲದಿದ್ದರೆ ಗೂಡಿನ ಬ್ಯಾಕ್ಟೀರಿಯಾ ಪರಿಣಾಮವೇ ಔಷಧಿಯ ಪರಿಣಾಮದ ವೇಷ ಹಾಕುತ್ತದೆ. ಟ್ಯೂಬುಗಳ ಮೇಲೆ ಬಣ್ಣದ ಗುರುತಷ್ಟೇ ಇರಲಿ. ಯಾವ ಬಣ್ಣ ಯಾವ ಔಷಧಿ ಎಂಬುದು ಅಳೆಯುವವರಿಗೆ ತಿಳಿಯಬಾರದು.

ಹಂತ 9: ಡೋಸು ಕೊಡುವುದು ಮತ್ತು ಅಪಾಯದ ಲಕ್ಷಣ

ಆರಂಭದ ದಿನ, ಆಮೇಲೆ 3ನೇ ಮತ್ತು 6ನೇ ದಿನ. ಎರಡೂ ಪ್ರತಿಕಾಯವನ್ನು ಬಳಸುವ ದಿನವೇ ತಣ್ಣನೆಯ ಶುದ್ಧ ಪಿಬಿಎಸ್‌ನಲ್ಲಿ ಬೆರೆಸಿ, ಒಟ್ಟು 200 ಮೈಕ್ರೋಲೀಟರ್ ಆಗುವಂತೆ ಮಾಡಿ, ಹೊಟ್ಟೆಯ ಕೆಳಭಾಗದ ಬಲಗಡೆ ಚುಚ್ಚಿ.

ಈ ಜೋಡಿಯನ್ನು ಒಟ್ಟಿಗೇ ಕೊಡಬಹುದು. ಎಲ್ಲ ಜೋಡಿಗೂ ಇದು ಸಲ್ಲುವುದಿಲ್ಲ. ಓಎಕ್ಸ್40 (ಟಿ ಕೋಶವನ್ನು ಹುರಿದುಂಬಿಸುವ ಗ್ರಾಹಿ) ಪ್ರಚೋದಕ ಪ್ರತಿಕಾಯದ ಜೊತೆ ಪಿಡಿ-1 ತಡೆಯನ್ನು ಏಕಕಾಲಕ್ಕೆ ಕೊಟ್ಟರೆ ಫಲ ಕುಗ್ಗುತ್ತದೆ, ಓಎಕ್ಸ್40 ಮೊದಲು ಕೊಟ್ಟು ಪಿಡಿ-1 ಆಮೇಲೆ ಕೊಟ್ಟರೆ ಹೆಚ್ಚುತ್ತದೆ ಎಂದು 2017ರಲ್ಲಿ ಇಲಿ ಅಧ್ಯಯನಗಳು ತೋರಿಸಿವೆ. ಹೊಸ ಜೋಡಿ ಹಿಡಿದವರು ‘ಒಟ್ಟಿಗೆ’, ‘ಮೊದಲು ಎ’, ‘ಮೊದಲು ಬಿ’ ಎಂಬ ಮೂರು ಕ್ರಮವನ್ನೂ ಸಣ್ಣ ಸಂಖ್ಯೆಯಲ್ಲಿ ನೋಡಲೇಬೇಕು.

ಹೆಗ್ಗಣದ ಮತ್ತು ಹ್ಯಾಮ್‌ಸ್ಟರ್ ಪ್ರತಿಕಾಯಗಳು ಇಲಿಗೆ ಪರಕೀಯ. ಮತ್ತೆ ಮತ್ತೆ ಕೊಟ್ಟಾಗ ಅಲರ್ಜಿಯ ಆಘಾತ ಬಂದು ಇಲಿ ಸಾಯಬಹುದು. 4ಟಿ1 ಗೆಡ್ಡೆ ಹೊತ್ತ ಇಲಿಗಳಲ್ಲಿ ಇದು ದಾಖಲಾಗಿದೆ. ಚುಚ್ಚಿದ ಅರ್ಧ ಗಂಟೆಯೊಳಗೆ ಇಲಿ ಮುದುರಿ ಕೂತು, ಅಲ್ಲಾಡದೆ, ಮೈ ತಣ್ಣಗಾಗಿ, ಉಸಿರು ಕಟ್ಟಿದಂತೆ ಕಂಡರೆ ಅದೇ. ಉಳಿದ ಇಲಿಗಳಿಗೆ ಡೋಸು ನಿಲ್ಲಿಸಿ, ಪಶುವೈದ್ಯರನ್ನು ಕರೆಯಿರಿ. ಮೂರು ನಾಲ್ಕು ಡೋಸಿಗೆ ಮಿತಗೊಳಿಸುವುದು, ಅಥವಾ ಇಲಿಯದೇ ಎಫ್‌ಸಿ ಇರುವ ಮರುಸಂಯೋಜಿತ ರೂಪ ಕೊಳ್ಳುವುದು ಪರಿಹಾರ. ಮೂರನೇ ಡೋಸಿನ ಬಳಿಕ ಸತ್ತ ಇಲಿಯನ್ನು ‘ಗೆಡ್ಡೆಯಿಂದ ಸತ್ತಿತು’ ಎಂದು ಬರೆಯುವ ಮುನ್ನ ಎರಡು ಸಲ ಯೋಚಿಸಿ.

ತೂಕ ಇಳಿಯಲಿಲ್ಲ, ಹಾಗಾಗಿ ಜೋಡಿ ಸುರಕ್ಷಿತ ಎಂದು ಬರೆಯುವುದೂ ತಪ್ಪು. ಎಳೆಯ ಸಿ57ಬಿಎಲ್/6 ಇಲಿ ಈ ಜೋಡಿಯನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ಮನುಷ್ಯರಲ್ಲಿ ಹಾಗಲ್ಲ: 2015ರಲ್ಲಿ ವರದಿಯಾದ ಚೆಕ್‌ಮೇಟ್ 067 ಮೆಲನೋಮ ಪರೀಕ್ಷೆಯಲ್ಲಿ ಚಿಕಿತ್ಸೆಯಿಂದಾದ 3 ಮತ್ತು 4ನೇ ದರ್ಜೆಯ (ತೀವ್ರ) ಅಡ್ಡಪರಿಣಾಮ ಜೋಡಿ ಗುಂಪಿನಲ್ಲಿ ಶೇ. 55, ನಿವೊಲುಮ್ಯಾಬ್ (ಪಿಡಿ-1 ತಡೆ) ಒಂದರಲ್ಲಿ ಸುಮಾರು ಶೇ. 16, ಇಪಿಲಿಮುಮ್ಯಾಬ್ (ಸಿಟಿಎಲ್‌ಎ-4 ತಡೆ) ಒಂದರಲ್ಲಿ ಸುಮಾರು ಶೇ. 27. ಕರುಳು ಮತ್ತು ಯಕೃತ್ತಿನ ತುಂಡುಗಳನ್ನಾದರೂ ಫಾರ್ಮಲಿನ್‌ನಲ್ಲಿ ತೆಗೆದಿಡಿ.

ಹಂತ 10: ಅಳತೆ

ವಾರಕ್ಕೆ ಮೂರು ಸಲ, ಒಂದೇ ಹೊತ್ತಿಗೆ. ಮೊದಲ ಡೋಸಿನ ನಂತರ ಮೂರು ನಾಲ್ಕು ದಿನ ಗೆಡ್ಡೆ ತುಸು ಉಬ್ಬಬಹುದು, ಒಳಗೆ ಪ್ರತಿರಕ್ಷಣಾ ಕೋಶಗಳು ತುಂಬಿಕೊಳ್ಳುವುದರಿಂದ. ಅದನ್ನೇ ಸೋಲೆಂದು ತೀರ್ಮಾನಿಸಬೇಡಿ.

ಹಂತ 11: ಗೆಡ್ಡೆಯ ಒಳಗೆ ನೋಡುವುದು

ಇದಕ್ಕೆ ಗುಂಪಿಗೆ 5 ಇಲಿಯಂತೆ ಬೇರೆಯೇ ಸರಣಿ ಬೇಕು. ಎರಡನೇ ಡೋಸಿನ 2 ಅಥವಾ 3 ದಿನದ ನಂತರ ತೆಗೆಯಿರಿ. ಇನ್ನೂ ಕಾದರೆ ಜೋಡಿ ಗುಂಪಿನಲ್ಲಿ ಕತ್ತರಿಸಲು ಗೆಡ್ಡೆಯೇ ಉಳಿದಿರುವುದಿಲ್ಲ. ಉಳಿದದ್ದು ಸ್ಪಂದಿಸದ ಗೆಡ್ಡೆಗಳು ಮಾತ್ರ, ಅವುಗಳಿಂದ ಬಂದ ಅಂಕಿ ಪೂರ್ತಿ ದಾರಿ ತಪ್ಪಿಸುತ್ತದೆ.

ಗೆಡ್ಡೆ ತೂಗಿ, ಸಣ್ಣಗೆ ಕತ್ತರಿಸಿ, ಮಿ.ಲೀ.ಗೆ 1 ಮಿ.ಗ್ರಾಂ ಕೊಲ್ಲಾಜಿನೇಸ್-4 ಮತ್ತು 0.1 ಮಿ.ಗ್ರಾಂ ಡಿಎನ್‌ಏಸ್-1 ಇರುವ ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ 30 ನಿಮಿಷ ಅಲುಗಾಡಿಸಿ, 70 ಮೈಕ್ರಾನ್ ಜಾಲರಿಯಲ್ಲಿ ಸೋಸಿ. ಡಿಸ್ಪೇಸ್ ಬೇಡ, ಅದು ಸಿಡಿ4 ಮತ್ತು ಸಿಡಿ8 ಗುರುತುಗಳನ್ನು ಕಡಿಯಬಹುದು. ಸತ್ತ ಕೋಶದ ಬಣ್ಣ, ಸಿಡಿ16/32 ತಡೆ, ಆಮೇಲೆ ಸಿಡಿ45, ಸಿಡಿ3, ಸಿಡಿ4, ಸಿಡಿ8, ಪಿಡಿ-1, ಟಿಮ್-3. ಕೋಶಕೇಂದ್ರದ ಪೊರೆ ತೆರೆದ ಮೇಲೆ ಫಾಕ್ಸ್‌ಪಿ3 (ನಿಯಂತ್ರಕ ಟಿ ಕೋಶದ ಗುರುತು), ಕೆಐ-67 (ಕೋಶ ವಿಭಜನೆಯ ಗುರುತು), ಗ್ರಾನ್‌ಜೈಮ್ ಬಿ (ಟಿ ಕೋಶ ಕೊಲ್ಲಲು ಬಳಸುವ ಕಿಣ್ವ).

ಇಲ್ಲಿ ಒಂದು ಹಳ್ಳ ಇದೆ, ಬೀಳದವರೇ ಕಡಿಮೆ. ಆರ್‌ಎಂಪಿ1-14 ಕೊಟ್ಟ ಇಲಿಯ ಟಿ ಕೋಶದ ಮೇಲೆ ಪಿಡಿ-1 ಆಗಲೇ ಮುಚ್ಚಿರುತ್ತದೆ. ಅದೇ ಕ್ಲೋನಿನಿಂದ ಬಣ್ಣ ಹಾಕಿದರೆ ಏನೂ ಹತ್ತುವುದಿಲ್ಲ. ‘ಚಿಕಿತ್ಸೆಯಿಂದ ಪಿಡಿ-1 ಇಳಿಯಿತು’ ಎಂಬ ಸುಳ್ಳು ಫಲ ಸಿಗುತ್ತದೆ. ಬಣ್ಣಕ್ಕೆ ಆರ್‌ಎಂಪಿ1-30 ಬಳಸಿ, ಅದು ಬೇರೆ ಜಾಗಕ್ಕೆ ಅಂಟುತ್ತದೆ.

ಶೇಕಡಾವಾರು ಸಂಖ್ಯೆಯ ಜೊತೆಗೆ ಪ್ರತಿ ಮಿ.ಗ್ರಾಂ ಗೆಡ್ಡೆಗೆ ಎಷ್ಟು ಕೋಶ ಎಂಬುದನ್ನೂ ಬರೆಯಿರಿ. ಸಿಡಿ8 ಮತ್ತು ನಿಯಂತ್ರಕ ಟಿ ಕೋಶಗಳ ಅನುಪಾತ ಏರಿದ್ದು ಸಿಡಿ8 ಹೆಚ್ಚಿದ್ದಕ್ಕೋ, ನಿಯಂತ್ರಕ ಕೋಶ ಅಳಿದದ್ದಕ್ಕೋ ಎಂಬುದು ಆಗ ಮಾತ್ರ ತಿಳಿಯುತ್ತದೆ. ಗೆಡ್ಡೆಯನ್ನೇ ಗುರುತಿಸುವ ಸಿಡಿ8 ಎಣಿಸಬೇಕಾದರೆ ಎಂಸಿ38ಕ್ಕೆ ಪಿ15ಇ ಟೆಟ್ರಾಮರ್, ಸಿಟಿ26ಕ್ಕೆ ಎಎಚ್1 ಟೆಟ್ರಾಮರ್ (ಗೆಡ್ಡೆಯ ಆ ಪ್ರೋಟೀನ್ ತುಣುಕನ್ನು ಗುರುತಿಸುವ ಟಿ ಕೋಶಕ್ಕೆ ಮಾತ್ರ ಅಂಟುವ ಬಣ್ಣದ ಅಣು).

ಹಂತ 12: ಯಾವ ಕೋಶದ ಕೆಲಸ?

ಜೋಡಿ ಗುಂಪಿನ ಜೊತೆಗೆ ಸಿಡಿ8 ತೆಗೆದ ಗುಂಪೊಂದು ಇರಲಿ. 2.43 ಕ್ಲೋನ್, 200 ಮೈಕ್ರೋಗ್ರಾಂ, ಚಿಕಿತ್ಸೆಯ ಹಿಂದಿನ ದಿನದಿಂದ ವಾರಕ್ಕೆ ಎರಡು ಸಲ. ಅದರ ಕಂಟ್ರೋಲ್ ಎಲ್‌ಟಿಎಫ್-2. ರಕ್ತದಲ್ಲಿ ಖಾಲಿಯಾಗಿದೆಯೇ ಎಂದು ನೋಡಲು ಸಿಡಿ8 ಬೀಟಾ ಸರಪಳಿಯ ಬಣ್ಣ ಬಳಸಿ, ಮೇಲಿನ ಹಳ್ಳವೇ ಇಲ್ಲೂ ಇದೆ. ಸಿಡಿ4 ತೆಗೆದಾಗ ನಿಯಂತ್ರಕ ಕೋಶಗಳೂ ಹೋಗುತ್ತವೆ. ಆಗ ಗೆಡ್ಡೆ ಕುಗ್ಗಿದರೆ ‘ಸಿಡಿ4 ಬೇಕಿಲ್ಲ’ ಎಂದು ಬರೆಯಲಾಗದು.

ಹಂತ 13: ಲೆಕ್ಕ

ಮೊದಲ ಅರ್ಹತೆ: ಜೋಡಿಯು ಎರಡರಲ್ಲಿ ಉತ್ತಮವಾದ ಒಂಟಿ ಗುಂಪನ್ನು ಮೀರಬೇಕು. ಕಂಟ್ರೋಲನ್ನು ಮೀರಿದೆ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಎರಡನೆಯದು ಬ್ಲಿಸ್ ಲೆಕ್ಕ. ಒಂದು ಔಷಧಿ ಶೇ. 40, ಇನ್ನೊಂದು ಶೇ. 30 ತಡೆದರೆ, ಒಂದಕ್ಕೊಂದು ಸಂಬಂಧವಿಲ್ಲದೆ ಕೆಲಸ ಮಾಡಿದರೂ ಜೋಡಿಯಿಂದ 0.4 + 0.3 − 0.4 × 0.3 = 0.58, ಅಂದರೆ ಶೇ. 58 ಬರಬೇಕು. ನಿಮಗೆ ಶೇ. 60 ಬಂದಿದ್ದರೆ ‘ಸಿನರ್ಜಿ’ ಎಂಬ ಪದ ಬಳಸಬೇಡಿ. ಶೇ. 85 ಬಂದಿದ್ದರೆ ಮಾತಾಡಬಹುದು, ಅದೂ ಪ್ರಯೋಗ ಇನ್ನೊಂದು ಸಲ ಅದೇ ಫಲ ಕೊಟ್ಟ ಮೇಲೆ.

ಗ್ರಾಫ್ ಬರೆಯುವಾಗ ದೊಡ್ಡ ಗೆಡ್ಡೆಯ ಇಲಿಗಳು ಮಿತಿ ಮುಟ್ಟಿ ಹೊರಹೋದರೆ ಉಳಿದವುಗಳ ಸರಾಸರಿ ತಾನಾಗಿ ಇಳಿಯುತ್ತದೆ, ಕಂಟ್ರೋಲ್ ಗುಂಪೇ ಗುಣವಾಗುತ್ತಿರುವಂತೆ ಕಾಣುತ್ತದೆ. ಗುಂಪಿನ ಮೊದಲ ಇಲಿ ಹೊರಹೋದ ದಿನಕ್ಕೆ ಸರಾಸರಿ ರೇಖೆ ನಿಲ್ಲಿಸಿ, ಪಕ್ಕದಲ್ಲಿ ಪ್ರತಿ ಇಲಿಯ ರೇಖೆ ಹಾಕಿ. ಹೋಲಿಕೆಗೆ ಗಾತ್ರದ ಲಾಗ್ ತೆಗೆದು ಮಿಶ್ರ ಪರಿಣಾಮ ಮಾದರಿ, ಬದುಕುಳಿದ ದಿನಗಳಿಗೆ ಕಪ್ಲಾನ್-ಮೇಯರ್ ಮತ್ತು ಲಾಗ್-ರ‍್ಯಾಂಕ್. ದಿನದಿನಕ್ಕೂ ಟಿ-ಟೆಸ್ಟ್ ಮಾಡಿ ನಕ್ಷತ್ರ ಹಚ್ಚುವ ಅಭ್ಯಾಸ ಬಿಡಿ.

ಹಂತ 14: ಮರುಸವಾಲು

ಗೆಡ್ಡೆ ಪೂರ್ತಿ ಕರಗಿ 60 ದಿನ ಕಳೆದ ಇಲಿಗಳ ಎಡ ಪಕ್ಕೆಗೆ ಮತ್ತೆ 5 ಲಕ್ಷ ಎಂಸಿ38 ಹಾಕಿ, ಔಷಧಿ ಕೊಡಬೇಡಿ. ಹೋಲಿಕೆಗೆ ಅದೇ ವಯಸ್ಸಿನ, ಹಿಂದೆ ಕೋಶ ಹಾಕದ 5 ಇಲಿ ಬೇಕು. ಇವುಗಳನ್ನು ಮೊದಲ ದಿನವೇ ಅದೇ ಬ್ಯಾಚಿನಿಂದ ತೆಗೆದಿರಿಸಿ, ಆಮೇಲೆ ಹುಡುಕಿದರೆ 8 ವಾರದ ಇಲಿ ಸಿಗುತ್ತದೆಯೇ ಹೊರತು 18 ವಾರದ್ದು ಸಿಗುವುದಿಲ್ಲ. ಕಂಟ್ರೋಲ್‌ಗಳಲ್ಲಿ ಗೆಡ್ಡೆ ಬೆಳೆದು ಗುಣವಾದವುಗಳಲ್ಲಿ ಬೆಳೆಯದಿದ್ದರೆ ರೋಗನಿರೋಧಕ ಸ್ಮೃತಿ ಇದೆ. ಜೊತೆಗೆ ಬಲ ಪಕ್ಕೆಗೆ ಬಿ16-ಎಫ್10 ಹಾಕಿ ಅದು ಬೆಳೆಯುವುದನ್ನೂ ತೋರಿಸಿದರೆ ಆ ಸ್ಮೃತಿ ಎಂಸಿ38ಕ್ಕೇ ಸೀಮಿತ ಎಂಬುದಕ್ಕೂ ಪುರಾವೆ ಸಿಗುತ್ತದೆ. ಆದರೆ ಎರಡೂ ಕೋಶಗಳು ಪಿ15ಇ ಗುರುತನ್ನು ಹಂಚಿಕೊಂಡಿವೆ, ಬಿ16-ಎಫ್10 ತುಸು ನಿಧಾನವಾಗಿ ಬೆಳೆದರೆ ಗಾಬರಿಯಾಗಬೇಡಿ.